ದೃಷ್ಟಿ, ದೀವ, ಗುಟ್ಟು: ಅಪರೂಪದ ಹಕ್ಕಿಗಳ ಅರಸಾಟದಲ್ಲಿ ನೋಟದ ನೀತಿ

ಜನಪದವೆಂದರೆ ಹಳ್ಳಿಗಾಡಿನ ಅನಕ್ಷರಸ್ಥ ಸಮುದಾಯವೆಂಬ ಎಣಿಕೆ ಜಾನಪದ ಅಧ್ಯಯನದಲ್ಲಿ ಹಿಂದೆ ಸರಿದು ಬಹುಕಾಲವಾಯಿತು. ಒಂದೇ ಒಂದು ಅಂಶವನ್ನಾದರೂ ಸಮಾನವಾಗಿ ಹಂಚಿಕೊಂಡಿರುವ ಯಾವುದೇ ಗುಂಪು ಜನಪದವೆನಿಸುತ್ತದೆ ಎಂಬ ಅಲನ್ ಡಂಡೆಸ್ ಅವರ ವಿವರಣೆ ಬಂದ ಮೇಲೆ, ಕಾರ್ಖಾನೆಯ ಕೆಲಸಗಾರರು, ವಿದ್ಯಾರ್ಥಿನಿಲಯದ ಹುಡುಗರು, ಲಾರಿ ಚಾಲಕರು ಮೊದಲಾದವರ ಮಾತು, ನಂಬಿಕೆ, ನಡವಳಿಕೆಗಳೂ ಅಧ್ಯಯನದ ಒಳಗೆ ಬಂದಿವೆ. ಅಪರೂಪದ ಹಕ್ಕಿಗಳನ್ನು ಅರಸಿ ಊರೂರು ಅಲೆಯುವ ಪಕ್ಷಿವೀಕ್ಷಕರೂ ವನ್ಯಜೀವಿ ಛಾಯಾಗ್ರಾಹಕರೂ ಈ ಅರ್ಥದಲ್ಲಿ ಒಂದು ಜನಪದ ಗುಂಪೇ ಸರಿ. ಅವರಿಗೆ ತಮ್ಮದೇ ಪರಿಭಾಷೆಯಿದೆ. ಬದುಕಿನಲ್ಲಿ ಮೊದಲ ಬಾರಿಗೆ ಕಂಡ ಹಕ್ಕಿ ಅವರಿಗೆ ‘ಲೈಫರ್’. ಅರಸಿ ಹೋಗಿ ಕಾಣದೆ ಮರಳಿದರೆ ಅದು ‘ಡಿಪ್’. ಹೆಮ್ಮೆಯಿಂದ ಹೇಳಿಕೊಳ್ಳುವ ಕಥನಗಳಿವೆ, ಹಿರಿಯರ ಬಗೆಗೆ ಐತಿಹ್ಯಗಳಿವೆ, ಎಲ್ಲಕ್ಕಿಂತ ಮುಖ್ಯವಾಗಿ ಬಾಯಿಂದ ಬಾಯಿಗೆ ಸಾಗುವ ಕಟ್ಟಳೆಗಳಿವೆ. ಗೂಡಿನ ಬಳಿ ಸುಳಿಯಬಾರದು, ಕಂಡ ಜಾಗವನ್ನು ಎಲ್ಲರಿಗೂ ಸಾರಬಾರದು, ಕಾಣದ್ದನ್ನು ಕಂಡೆನೆನ್ನಬಾರದು. ಇವುಗಳಲ್ಲಿ ಕೆಲವನ್ನು ಅಮೆರಿಕದ ಪಕ್ಷಿವೀಕ್ಷಕರ ಸಂಘದಂಥ ಸಂಸ್ಥೆಗಳು ಬರೆದಿಟ್ಟಿವೆಯಾದರೂ, ಅವುಗಳನ್ನು ಕಾಯುವುದು ಬಹುಮಟ್ಟಿಗೆ ಮರ್ಯಾದೆಯ ಅಂಜಿಕೆಯೇ. ಹಳ್ಳಿಯ ನ್ಯಾಯಕಟ್ಟೆಗೂ ಇದ್ದ ಬಲ ಅದೇ.

ಈ ಕಟ್ಟಳೆಗಳು ಒಂದು ಒಳವಿರೋಧದ ಮೇಲೆ ನಿಂತಿವೆ. ಅಪರೂಪದ ಹಕ್ಕಿಯನ್ನು ಕಂಡವನ ಹಿರಿಮೆ ಇರುವುದು ಅದನ್ನು ಹೇಳಿಕೊಳ್ಳುವುದರಲ್ಲಿ; ಹೇಳಿಕೊಂಡರೆ ಮಾತ್ರ ಅದು ದಾಖಲೆ, ದಾಖಲೆಯಾದರೆ ಮಾತ್ರ ರಕ್ಷಣೆಗೆ ಆಧಾರ. ಆದರೆ ಹೇಳಿದೊಡನೆ ಆ ಜಾಗಕ್ಕೆ ಜನ ಬರುತ್ತಾರೆ, ಹಕ್ಕಿ ಅಪರೂಪವಾದಷ್ಟೂ ಹೆಚ್ಚು ಜನ ಬರುತ್ತಾರೆ. ಇನ್ನೊಂದು ಜೀವಿಯನ್ನು ಎಷ್ಟು ನೋಡಬಹುದು, ಎಷ್ಟು ಹತ್ತಿರದಿಂದ, ಯಾರಿಗೆ ತೋರಿಸಬಹುದು ಎಂಬ ಪ್ರಶ್ನೆ ಇಲ್ಲಿಯದು. ಇದಕ್ಕೆ ಉತ್ತರವನ್ನು ಸಾಮಾನ್ಯವಾಗಿ ಪಶ್ಚಿಮದ ಸಂಹಿತೆಗಳಲ್ಲಿ ಅಥವಾ ಕಾಯಿದೆಯಲ್ಲಿ ಹುಡುಕಲಾಗುತ್ತದೆ. ನೋಟದ ಬಗೆಗೆ ಕನ್ನಡ ಜನಪದದಲ್ಲಿ ಖಚಿತವಾದ ವಿಚಾರಗಳಿದ್ದು, ಅವು ಈ ಚರ್ಚೆಗೆ ಬಾರದಿರುವುದು ಅಧ್ಯಯನದ ಒಂದು ಕೊರತೆಯೆನ್ನಬೇಕು.

ಮೊದಲಿಗೆ ಬಂದೂಕಿನ ಕಾಲವನ್ನು ನೆನೆಯಬೇಕು. ಹಕ್ಕಿಯನ್ನು ಹೊಡೆದು, ಚರ್ಮ ಬಿಡಿಸಿ, ಸಂಗ್ರಹಾಲಯದಲ್ಲಿ ಇಟ್ಟರೆ ಮಾತ್ರ ಅದು ಇತ್ತೆಂಬುದಕ್ಕೆ ಪುರಾವೆ ಎಂಬುದು ಹತ್ತೊಂಬತ್ತನೆಯ ಶತಮಾನದ ಶಾಸ್ತ್ರ. ಟಿ. ಸಿ. ಜೆರ್ಡಾನ್ ಅವರಿಂದ ಹಿಡಿದು, 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆ ನಡೆಸಿದ ಸಲೀಂ ಅಲಿಯವರವರೆಗೆ ಎಲ್ಲರೂ ಈ ಪದ್ಧತಿಯವರೇ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಲು ಕಾರಣರಾದವರೂ ಅದೇ ಸಲೀಂ ಅಲಿಯವರೆಂಬುದನ್ನು ಮರೆಯಲಾಗದು. ಅಂದಿನ ನೀತಿಯನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ. ಆದರೆ ಆ ಶಾಸ್ತ್ರದ ಕೊನೆಯ ಘಟ್ಟ ಎಲ್ಲಿ ಬಂತೆಂಬುದನ್ನು ಗುರುತಿಸಬಹುದು. ಆಂಧ್ರದ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ, 1900ರ ಬಳಿಕ ಯಾರ ಕಣ್ಣಿಗೂ ಬೀಳದಿದ್ದ ಜೆರ್ಡಾನ್ಸ್ ಕೋರ್ಸರ್ 1986ರಲ್ಲಿ ಮತ್ತೆ ಪತ್ತೆಯಾಯಿತು. ಅದನ್ನು ಹುಡುಕುತ್ತಿದ್ದವರು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರಾದರೂ, ರಾತ್ರಿಯ ಹೊತ್ತು ಅದನ್ನು ಹಿಡಿದು ತಂದವನು ಅಲ್ಲಿನ ಒಬ್ಬ ಹಕ್ಕಿ ಹಿಡಿಯುವ ವೃತ್ತಿಯವನು. ಸುತ್ತಲಿನ ಜನ ಅದನ್ನು ‘ಕಲಿವಿ ಕೋಡಿ’, ಅಂದರೆ ಕಲಿವಿ ಪೊದೆಯ ಕೋಳಿ ಎಂದು ಕರೆಯುತ್ತಾರೆ. ಶಾಸ್ತ್ರ ಕಳೆದುಕೊಂಡಿದ್ದ ಹಕ್ಕಿಯ ಹೆಸರು ಜನರ ನಾಲಗೆಯ ಮೇಲಿತ್ತು. ಹಿಡಿದು ತಂದ ಆ ಹಕ್ಕಿ ಮಾತ್ರ ಸೆರೆಯಲ್ಲಿ ಬದುಕುಳಿಯಲಿಲ್ಲ.

ಇಪ್ಪತ್ತು ವರ್ಷಗಳ ತರುವಾಯ ಅರುಣಾಚಲ ಪ್ರದೇಶದ ಈಗಲ್‌ನೆಸ್ಟ್ ಪ್ರದೇಶದಲ್ಲಿ ನಡೆದುದು ಇದಕ್ಕೆ ಬೇರೆಯೇ ಬಗೆಯದು. ವೃತ್ತಿಯಿಂದ ಖಗೋಳ ವಿಜ್ಞಾನಿಯಾದ ರಮಣ ಆತ್ರೇಯ ಅವರು ಶಾಸ್ತ್ರಕ್ಕೆ ಹೊಸದಾದ ಒಂದು ಹಕ್ಕಿಯನ್ನು 2006ರಲ್ಲಿ ಪ್ರಕಟಿಸಿದರು. ಅಲ್ಲಿನ ಬುಗುನ್ ಬುಡಕಟ್ಟಿನ ಹೆಸರಿನಿಂದ ಅದು ‘ಬುಗುನ್ ಲಿಯೊಸಿಕ್ಲಾ’ ಆಯಿತು. ಕಂಡ ಹಕ್ಕಿಗಳ ಸಂಖ್ಯೆ ಬೆರಳೆಣಿಕೆಯದಾದ್ದರಿಂದ ಒಂದನ್ನೂ ಕೊಲ್ಲುವುದು ಸಲ್ಲದೆಂದು ತೀರ್ಮಾನಿಸಿ, ಬಲೆಗೆ ಸಿಕ್ಕಿದ ಹಕ್ಕಿಯ ಕೆಲವು ಗರಿಗಳನ್ನೂ ಛಾಯಾಚಿತ್ರಗಳನ್ನೂ ಆಧಾರವಾಗಿಟ್ಟುಕೊಂಡು ಹಕ್ಕಿಯನ್ನು ಹಾರಿಬಿಡಲಾಯಿತು. ಕ್ಯಾಮೆರಾ ಬಂದೂಕಿನ ಜಾಗವನ್ನು ನ್ಯಾಯವಾಗಿಯೇ ಪಡೆದುಕೊಂಡ ಗಳಿಗೆ ಇದು. ಆದರೆ ಕ್ಯಾಮೆರಾ ಕೊಲ್ಲುವುದಿಲ್ಲವೆಂಬ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬಹುದು? ಛಾಯಾಗ್ರಾಹಕರ ನುಡಿಗಟ್ಟಿನಲ್ಲಿ ಈಗಲೂ ಚಿತ್ರವನ್ನು ‘ಹೊಡೆಯುತ್ತಾರೆ’, ಹಕ್ಕಿ ‘ಸಿಗುತ್ತದೆ’ ಅಥವಾ ‘ತಪ್ಪಿಸಿಕೊಳ್ಳುತ್ತದೆ’. ಬೇಟೆಯ ಭಾಷೆ ಉಳಿದಿರುವುದು ಆಕಸ್ಮಿಕವಲ್ಲ. ಬೇಟೆಯ ತಂತ್ರಗಳೂ ಉಳಿದಿವೆ.

ಇವುಗಳಲ್ಲಿ ಮುಖ್ಯವಾದುದು ದೀವ. ಕಾಡಿನ ಮೃಗಪಕ್ಷಿಗಳನ್ನು ಸೆಳೆಯಲು ಪಳಗಿಸಿ ಇಟ್ಟುಕೊಂಡ ಮೃಗವನ್ನು ಅಥವಾ ಹಕ್ಕಿಯನ್ನು ಕನ್ನಡ ‘ದೀವ’ವೆಂದು ಕರೆಯುತ್ತದೆ. ಕೌಜುಗವನ್ನು ಹಿಡಿಯುವವರು ಸಾಕಿದ ಗಂಡು ಕೌಜುಗವನ್ನು ಪಂಜರದಲ್ಲಿಟ್ಟು, ಸುತ್ತ ಉರುಳು ಹೂಡಿ, ಮರೆಯಲ್ಲಿ ಕೂರುತ್ತಾರೆ. ದೀವದ ಹಕ್ಕಿ ಕೂಗಿದೊಡನೆ ಆ ಎಲ್ಲೆಯ ಒಡೆಯನಾದ ಕಾಡಿನ ಗಂಡು ತನ್ನ ನೆಲಕ್ಕೆ ಯಾರೋ ನುಗ್ಗಿದರೆಂದು ಕಾದಾಡಲು ಬಂದು ಉರುಳಿಗೆ ಬೀಳುತ್ತದೆ. ಇಂದು ಧ್ವನಿಮುದ್ರಿತ ಕೂಗನ್ನು ಪುಟ್ಟ ಸ್ಪೀಕರಿನಲ್ಲಿ ನುಡಿಸಿ ಪೊದೆಯೊಳಗಿನ ಹಕ್ಕಿಯನ್ನು ಕೊಂಬೆಯ ತುದಿಗೆ ಬರಿಸುವ ಪದ್ಧತಿಯಲ್ಲಿ ಕೆಲಸ ಮಾಡುವುದು ಇದೇ ತತ್ತ್ವ. ಇಲ್ಲಿ ಉರುಳಿಲ್ಲ, ನಿಜ. ಆದರೆ ಹಕ್ಕಿಯ ಕಡೆಯಿಂದ ನೋಡಿದರೆ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ: ಇಲ್ಲದ ಎದುರಾಳಿಯೊಡನೆ ಕಾದಾಡಲು ಅದು ಮೇವನ್ನೂ ಮರಿಗಳನ್ನೂ ಬಿಟ್ಟು ಬರುತ್ತದೆ, ಎದುರಾಳಿಯನ್ನು ಓಡಿಸಲಾಗದೆ ಬಳಲುತ್ತದೆ. ಬೇಟೆಗಾರನ ದೀವ ಒಂದು ಹಕ್ಕಿಯನ್ನು ಒಮ್ಮೆ ಮಾತ್ರ ಮೋಸಗೊಳಿಸುತ್ತಿತ್ತು. ಸ್ಪೀಕರಿನ ದೀವ ಅದೇ ಹಕ್ಕಿಯನ್ನು ದಿನಕ್ಕೊಂದು ತಂಡದಂತೆ ಋತುವಿಡೀ ಮೋಸಗೊಳಿಸಬಲ್ಲುದು. ಅಪರೂಪದ, ಅಳಿವಿನಂಚಿನ ಹಕ್ಕಿಗಳಿಗೂ, ವೀಕ್ಷಕರು ದಟ್ಟವಾಗಿ ಬರುವ ಜಾಗಗಳಲ್ಲಿಯೂ ಈ ತಂತ್ರವನ್ನು ಬಳಸಬಾರದೆಂದು ಪಕ್ಷಿವೀಕ್ಷಕರ ಸಂಹಿತೆಗಳು ಹೇಳುವುದು ಈ ಕಾರಣದಿಂದಲೇ.

ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ದೀವ, ಉರುಳು, ಬಲೆ, ಅನುಕರಣೆಯ ಕೂಗು ಇವುಗಳಲ್ಲಿ ನಿಪುಣರಾದ ಹಕ್ಕಿಪಿಕ್ಕಿಗಳ ಕುಲವೃತ್ತಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಅಪರಾಧವಾಯಿತು. ಅದೇ ಕಾಯಿದೆ ‘ಬೇಟೆ’ ಎಂಬ ಪದಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗಳನ್ನಾಗಲಿ ಗೂಡುಗಳನ್ನಾಗಲಿ ಕದಡುವುದೂ ಸೇರಿದೆ. ಅಂದರೆ ಕಾಯಿದೆಯ ಅಕ್ಷರದಲ್ಲಿ ಬಲೆ ಬೀಸಿದವನೂ ಗೂಡಿನೆದುರು ಕೊಂಬೆ ಸವರಿದವನೂ ಬೇಟೆಗಾರರೇ. ಸಮಾಜದ ಕಣ್ಣಿನಲ್ಲಿ ಒಬ್ಬ ಕಳ್ಳ, ಇನ್ನೊಬ್ಬ ಕಲಾವಿದ. ಹಕ್ಕಿಪಿಕ್ಕಿಗಳ ಜ್ಞಾನವನ್ನು ಬೇಟೆಯ ಜ್ಞಾನವೆಂದು ತಳ್ಳಿಹಾಕಿ, ಅದೇ ಜ್ಞಾನದ ಯಂತ್ರರೂಪವನ್ನು ಹವ್ಯಾಸವೆಂದು ಗೌರವಿಸುವ ಈ ತಾರತಮ್ಯವನ್ನು ಜಾನಪದ ವಿದ್ವಾಂಸರಾದರೂ ಎತ್ತಿ ತೋರಿಸಬೇಕಾಗಿದೆ.

ಗೂಡಿನ ಛಾಯಾಚಿತ್ರದ ವಿಷಯ ಇನ್ನೂ ಸೂಕ್ಷ್ಮವಾದುದು. ದೂರದರ್ಶಕ ಮಸೂರಗಳು ದುಬಾರಿಯಾಗಿದ್ದ ಕಾಲದಲ್ಲಿ ಗೂಡಿನ ಎದುರು ಮರೆ ಕಟ್ಟಿ ಕಾಯುವುದೇ ಹಕ್ಕಿಯ ಚಿತ್ರ ತೆಗೆಯುವ ಮುಖ್ಯ ಮಾರ್ಗವಾಗಿತ್ತು. ತಾಯಿಹಕ್ಕಿ ಮತ್ತೆ ಮತ್ತೆ ಮರಳುವ ಜಾಗ ಅದೊಂದೇ. ಅಂದಿನವರಲ್ಲಿ ಅನೇಕರು ದಿನಗಟ್ಟಲೆ ತಾಳ್ಮೆಯಿಂದ ಮರೆಯನ್ನು ಇಂಚಿಂಚಾಗಿ ಹತ್ತಿರ ತಂದವರು. ಅವರು ಕಂಡು ಬರೆದಿಟ್ಟ ಗೂಡಿನ ನಡವಳಿಕೆ ಶಾಸ್ತ್ರಕ್ಕೆ ಉಪಯುಕ್ತವಾಗಿದೆ. ಅಂಕೀಯ ಕ್ಯಾಮೆರಾ ಬಂದ ಮೇಲೆ ಕಾರಣ ಉಳಿಯಲಿಲ್ಲ, ರೂಢಿ ಉಳಿಯಿತು. ಮಾಡುವವರ ಸಂಖ್ಯೆ ಬೆಳೆಯಿತು, ತಾಳ್ಮೆ ಕುಗ್ಗಿತು. ಬೆಳಕು ಬೀಳಲೆಂದು ಗೂಡಿನ ಮುಂದಿನ ಎಲೆಗಳನ್ನು ಕತ್ತರಿಸಿದರೆ ಅದೇ ಬೆಳಕಿನಲ್ಲಿ ಕಾಗೆಗೂ ಗೂಡು ಕಾಣುತ್ತದೆ, ಮರಿಗಳಿಗೆ ಬಿಸಿಲೂ ತಾಗುತ್ತದೆ. ಮಂಗಟ್ಟೆ ಹಕ್ಕಿಯ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ, ಬಾಯಿಯನ್ನು ಮೆತ್ತಿ ಮುಚ್ಚಿಕೊಂಡು, ಸಣ್ಣ ಸೀಳೊಂದನ್ನು ಮಾತ್ರ ಬಿಟ್ಟುಕೊಳ್ಳುತ್ತದೆ. ವಾರಗಟ್ಟಲೆ ಅದರ ಮತ್ತು ಮರಿಗಳ ಬದುಕು ಗಂಡು ತರುವ ಹಣ್ಣಿನ ಮೇಲೆ ನಿಂತಿರುತ್ತದೆ. ಮರದ ಕೆಳಗೆ ಜನ ನೆರೆದರೆ ಗಂಡು ಹಣ್ಣನ್ನು ಕೊರಳಲ್ಲಿ ಇಟ್ಟುಕೊಂಡೇ ದೂರದ ಕೊಂಬೆಯಲ್ಲಿ ಕಾಯುತ್ತದೆ, ಇಲ್ಲವೆ ಮರಳಿ ಹೋಗುತ್ತದೆ. ಒಳಗಿರುವವಳಿಗೆ ಬೇರೆ ದಾರಿಯಿಲ್ಲ. ಒಂದೇ ಪೊಟರೆಯನ್ನು ಮಂಗಟ್ಟೆಗಳು ವರ್ಷ ವರ್ಷವೂ ಬಳಸುವುದುಂಟಾದ್ದರಿಂದ ಒಮ್ಮೆ ಪ್ರಚಾರವಾದ ಮರ ಶಾಶ್ವತವಾದ ವಿಳಾಸವಾಗಿಬಿಡುತ್ತದೆ. ಕಾಳಿ ನದಿಯ ದಂಡೆಯ ಕಾಡಿನಲ್ಲಿ 2011ರಲ್ಲಿ ದಾಂಡೇಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಘೋಷಣೆಯಾದಾಗ ಆ ಹಕ್ಕಿಗಳಿಗೆ ರಕ್ಷಣೆಯ ಜತೆಗೆ ಪ್ರಸಿದ್ಧಿಯೂ ಬಂತು. ಎರಡನ್ನೂ ಬೇರ್ಪಡಿಸಿ ಕೊಡುವ ಉಪಾಯ ಯಾವ ಸರ್ಕಾರಕ್ಕೂ ಸುಲಭವಾದುದಲ್ಲ.

ಈ ಹಿನ್ನೆಲೆಯಲ್ಲಿ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಬೇಕು. ಊರ ನಡುವಿನ ಹುಣಸೆ ಮೊದಲಾದ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮರಿಮಾಡುವ ಈ ಹಳ್ಳಿಯನ್ನು 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಹೊರಜಗತ್ತಿನ ಗಮನಕ್ಕೆ ತಂದರು. 2007ರಲ್ಲಿ ಅದು ಸಮುದಾಯ ಮೀಸಲು ಆಯಿತು. ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಹೇಳುವ ಮಾತನ್ನು ಪತ್ರಿಕೆಗಳು ಎಷ್ಟೋ ಬಾರಿ ಬರೆದಿವೆ. ಅದನ್ನು ಒಂದು ಮುದ್ದಾದ ಉಪಮೆಯೆಂದು ಬರೆದು ಮುಂದೆ ಹೋಗುವುದೇ ವಾಡಿಕೆ. ಆದರೆ ಜನಪದದಲ್ಲಿ ನಂಟಿನ ಹೆಸರು ಬರಿಯ ಉಪಮೆಯಲ್ಲ. ಅದರ ಹಿಂದೆ ನಡವಳಿಕೆಯ ಕಟ್ಟುಪಾಡು ಇರುತ್ತದೆ. ಹಕ್ಕಿ ಬಾಣಂತಿಯಾದರೆ ಬಾಣಂತಿಗೆ ಸಲ್ಲುವುದೆಲ್ಲ ಹಕ್ಕಿಗೂ ಸಲ್ಲಬೇಕು.

ಬಾಣಂತಿಯ ಕೋಣೆಯ ವಿಧಿಗಳು ಮುಖ್ಯವಾಗಿ ನೋಟಕ್ಕೆ ಸಂಬಂಧಿಸಿದವು. ಬಾಗಿಲಿಗೆ ಬೇವಿನ ಸೊಪ್ಪು, ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು, ಹೊರಗಿನಿಂದ ಬಂದವರು ಕಾಲು ತೊಳೆದು ಸುಧಾರಿಸಿಕೊಂಡ ಮೇಲೆಯೇ ಒಳಗೆ ಬರುವುದು, ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸುವುದು, ಇವೆಲ್ಲವೂ ದೃಷ್ಟಿಯ ಅಂಜಿಕೆಯಿಂದ ಹುಟ್ಟಿದವು. ದೃಷ್ಟಿಯ ಕಲ್ಪನೆಯಲ್ಲಿ ಒಂದು ಗಮನಾರ್ಹ ಸಂಗತಿಯಿದೆ: ದೃಷ್ಟಿ ತಾಗಲು ಕೆಟ್ಟ ಮನಸ್ಸು ಬೇಕಿಲ್ಲ. ಎಷ್ಟು ಚೆಂದವಿದೆ ಮಗು ಎಂಬ ಮೆಚ್ಚುಗೆಯ ನೋಟವೇ ಹೆಚ್ಚು ತಾಗುತ್ತದೆ. ಹೆತ್ತ ತಾಯಿಯ ದೃಷ್ಟಿಯೂ ತಾಗುವುದುಂಟು. ಇದನ್ನು ಮೂಢನಂಬಿಕೆಯೆಂದು ಬದಿಗಿಡುವವರು, ಇದರೊಳಗಿರುವ ನೀತಿಯ ತಿಳಿವನ್ನು ಕಾಣಬೇಕು. ಗೂಡಿನ ಬಳಿ ಸುಳಿದ ಛಾಯಾಗ್ರಾಹಕನ ಸಮರ್ಥನೆ ಯಾವಾಗಲೂ ಒಂದೇ: ಹಕ್ಕಿಗಳ ಮೇಲೆ ತನಗಿರುವುದು ಪ್ರೀತಿ. ಪ್ರೀತಿಯ ನೋಟಕ್ಕೂ ಒಂದು ಮಿತಿಯುಂಟು, ಮೆಚ್ಚಿದವನೇ ದೂರ ನಿಲ್ಲಬೇಕು ಎಂಬುದು ದೃಷ್ಟಿಯ ತರ್ಕ. ಪಶ್ಚಿಮದ ಸಂಹಿತೆಗಳು ಚಿತ್ರಕ್ಕಿಂತ ಜೀವಿಯ ಕ್ಷೇಮ ದೊಡ್ಡದೆಂದು ಬರೆಯುವಾಗ ತಲುಪುವ ನಿಲುವನ್ನು ಈ ತರ್ಕ ಬೇರೊಂದು ದಾರಿಯಿಂದ ತಲುಪಿದೆ.

ಹಾಗೆಂದು ಹಳ್ಳಿಯನ್ನು ಆದರ್ಶದ ಚಿತ್ರವಾಗಿಸುವುದೂ ತಪ್ಪಾಗುತ್ತದೆ. ಹುಣಸೆಮರಕ್ಕೆ ಒಡೆಯನಿದ್ದಾನೆ, ಹುಣಸೆಗೆ ಬೆಲೆಯಿದೆ. ಹಕ್ಕಿ ಕೂತ ಮರದ ಫಸಲು ಕೆಡುತ್ತದೆ. ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಬಂದುದು ತವರಿನ ಮಮತೆಯೊಂದೇ ಸಾಲದೆಂಬುದಕ್ಕೆ ಸಾಕ್ಷಿ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ಕೈಗೆತ್ತಿಕೊಂಡಿತು. ನಂಬಿಕೆ ಸಂಸ್ಥೆಯಾಗಿ ಮಾರ್ಪಡುವ ಈ ಹಂತ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದುದು.

ಕೊಕ್ಕರೆ ಬೆಳ್ಳೂರಿನಲ್ಲಿ ಗುಟ್ಟಿನ ಪ್ರಶ್ನೆಯಿಲ್ಲ. ಊರಿನ ಹೆಸರೇ ಹಕ್ಕಿಯನ್ನು ಸಾರುತ್ತದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಹಾಗಲ್ಲ. ಎರ್ಲಡ್ಡು, ಎರೆಭೂತ ಎಂದು ಕರೆಯುವ ದೊಡ್ಡ ಹಕ್ಕಿ, ಗ್ರೇಟ್ ಇಂಡಿಯನ್ ಬಸ್ಟರ್ಡ್, ಕರ್ನಾಟಕದಲ್ಲಿ ಅಲ್ಲಿ ಕೈಬೆರಳೆಣಿಕೆಯಲ್ಲಿ ಉಳಿದುಕೊಂಡಿದೆ. ಎರೆನೆಲದೊಡನೆ ಅದರ ನಂಟನ್ನು ಹೆಸರೇ ಹೇಳುತ್ತದೆ. ನವಿಲಿನ ಬದಲು ಇದನ್ನು ರಾಷ್ಟ್ರಪಕ್ಷಿ ಮಾಡಬೇಕೆಂದು ಸಲೀಂ ಅಲಿಯವರು ವಾದಿಸಿದ್ದರು. 1963ರಲ್ಲಿ ನವಿಲು ಆಯ್ಕೆಯಾಯಿತು. 2011ರಿಂದ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದು ಅಳಿವಿನ ತೀವ್ರ ಅಪಾಯದಲ್ಲಿರುವ ಹಕ್ಕಿ. ಇದನ್ನು ಕೊಲ್ಲುತ್ತಿರುವುದು ಮುಖ್ಯವಾಗಿ ವಿದ್ಯುತ್ ತಂತಿಗಳೂ ನೆಲೆಯ ನಾಶವೂ ಹೊರತು ಕ್ಯಾಮೆರಾವಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿಯ ನೆಲದ ಮೇಲೆ ಇಡುತ್ತದೆ. ವಾಹನವೊಂದು ಹೊಲಕ್ಕೆ ನುಗ್ಗಿ ಅದನ್ನು ಎಬ್ಬಿಸಿದರೆ, ಆ ಮೊಟ್ಟೆ ನಾಯಿಯ ಪಾಲೋ ಕಾಗೆಯ ಪಾಲೋ ಆಗಲು ಹೆಚ್ಚು ಹೊತ್ತು ಬೇಡ. ನೂರಾರು ಹಕ್ಕಿಗಳಿದ್ದಾಗ ಸಹಿಸಬಹುದಾದ ನಷ್ಟ, ನಾಲ್ಕಾರು ಉಳಿದಾಗ ಸಹಿಸಲಾಗದು. ಅಲ್ಲಿನ ಹೊಲಗಳು ಖಾಸಗಿಯಾಗಿದ್ದು, ಹಕ್ಕಿ ಎಲ್ಲಿ ಕೂರುತ್ತದೆಂಬುದು ಮೊದಲು ತಿಳಿಯುವುದು ಕುರಿಗಾಹಿಗೆ ಮತ್ತು ಹೊಲ ಕಾಯುವವರಿಗೆ. ಅವರ ಬಾಯಿಯ ಮೇಲೆ ಆ ಹಕ್ಕಿಯ ಭವಿಷ್ಯ ಸ್ವಲ್ಪಮಟ್ಟಿಗಾದರೂ ನಿಂತಿದೆ.

ಗುಟ್ಟು ಒಂದೇ ಉತ್ತರವೂ ಅಲ್ಲ. ಸ್ಕಾಟ್ಲೆಂಡಿನಲ್ಲಿ ನಾಶವಾಗಿದ್ದ ಮೀನುಹದ್ದು 1954ರ ಸುಮಾರಿಗೆ ಮರಳಿ ಬಂದು ಲಾಕ್ ಗಾರ್ಟನ್ ಎಂಬ ಸರೋವರದ ಬಳಿ ಗೂಡು ಕಟ್ಟಿತು. ಜಾಗವನ್ನು ಗುಟ್ಟಾಗಿಟ್ಟು ಕಾವಲು ಹಾಕಿದರೂ 1958ರಲ್ಲಿ ಮೊಟ್ಟೆ ಸಂಗ್ರಹಿಸುವ ಹುಚ್ಚಿನವನೊಬ್ಬ ರಾತ್ರಿ ಮರ ಹತ್ತಿ ಗೂಡನ್ನು ಹಾಳುಮಾಡಿದ. ಬೂಟಿನ ಪಾಲಿಷ್ ಬಳಿದ ಕೋಳಿಮೊಟ್ಟೆಗಳನ್ನು ಅಲ್ಲಿ ಇಟ್ಟುಹೋಗಿದ್ದ. ಮರುವರ್ಷ ಅಲ್ಲಿನ ಪಕ್ಷಿಸಂರಕ್ಷಣಾ ಸಂಘದ ಜಾರ್ಜ್ ವಾಟರ್‌ಸ್ಟನ್ ಪೂರ್ತಿ ವಿರುದ್ಧವಾದ ದಾರಿ ಹಿಡಿದರು. ದೂರದಲ್ಲಿ ಮರೆಯೊಂದನ್ನು ಕಟ್ಟಿ, ದೂರದರ್ಶಕವಿಟ್ಟು, ಜನರನ್ನು ಬಹಿರಂಗವಾಗಿ ಕರೆದರು. 1959ರ ಆ ಒಂದೇ ಋತುವಿನಲ್ಲಿ ಸುಮಾರು 14,000 ಮಂದಿ ಬಂದು ನೋಡಿಹೋದರು. ಸಾವಿರಾರು ಕಣ್ಣುಗಳೇ ಕಾವಲಾದವು. ಇಲ್ಲಿ ಕೆಲಸ ಮಾಡಿದ್ದು ಬಹಿರಂಗವಷ್ಟೇ ಅಲ್ಲ, ಬಹಿರಂಗದ ಜತೆಗಿದ್ದ ದೂರ. ನೋಡಲು ಎಲ್ಲರಿಗೂ ಹಕ್ಕು, ಹತ್ತಿರ ಹೋಗಲು ಯಾರಿಗೂ ಇಲ್ಲ. ಜಾತ್ರೆಯ ತೇರನ್ನು ಊರೆಲ್ಲ ನೋಡುತ್ತದೆ, ಗರ್ಭಗುಡಿಗೆ ಎಲ್ಲರೂ ಹೋಗುವುದಿಲ್ಲ. ಈ ಏರ್ಪಾಡು ಕನ್ನಡಿಗರಿಗೆ ಅಪರಿಚಿತವೇನಲ್ಲ.

ಗುಟ್ಟು ಯಾರ ಕೈಯಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಈಗಲ್‌ನೆಸ್ಟಿನ ಪಕ್ಕದಲ್ಲಿ 2017ರಲ್ಲಿ ಸಿಂಗ್‌ಚುಂಗ್ ಬುಗುನ್ ಗ್ರಾಮ ಸಮುದಾಯ ಮೀಸಲು ಸ್ಥಾಪನೆಯಾಗಿ, ಸುಮಾರು 17 ಚದರ ಕಿಲೋಮೀಟರ್ ಕಾಡನ್ನು ಬುಗುನ್ ಜನರೇ ನೋಡಿಕೊಳ್ಳುವಂತಾಯಿತು. ಹಕ್ಕಿ ನೋಡಲು ಬಂದವರು ಊರಿನ ನಿಯಮಕ್ಕೆ ಒಳಪಡಬೇಕು. ಅದೇ ರಾಜ್ಯದ ಪಕ್ಕೆ ಕಾಡಿನ ಅಂಚಿನಲ್ಲಿ, ಹಿಂದೆ ಮಂಗಟ್ಟೆಯನ್ನು ಬೇಟೆಯಾಡುತ್ತಿದ್ದ ನಿಶಿ ಸಮುದಾಯದವರೇ ‘ಘೋರಾ-ಆಭೆ’ ಎಂಬ ಊರಹಿರಿಯರ ಸಂಘ, ಅರಣ್ಯ ಇಲಾಖೆ ಮತ್ತು ವಿಜ್ಞಾನಿಗಳೊಡನೆ ಸೇರಿ ಗೂಡುಗಳ ಕಾವಲುಗಾರರಾಗಿದ್ದಾರೆ. ಗೂಡನ್ನು ಪತ್ತೆಹಚ್ಚುವ ಬೇಟೆಗಾರನ ಕಣ್ಣು ಅಲ್ಲಿ ವ್ಯರ್ಥವಾಗಲಿಲ್ಲ. ಕರ್ನಾಟಕದ ಹಕ್ಕಿಪಿಕ್ಕಿಗಳ ವಿಷಯದಲ್ಲಿ ಇಂಥ ಯೋಚನೆ ಏಕೆ ಗಟ್ಟಿಯಾಗಿ ಬೇರೂರಲಿಲ್ಲ ಎಂದು ಕೇಳಬಹುದು.

ಪಕ್ಷಿವೀಕ್ಷಕರ ವಲಯ ತನ್ನ ದಾಖಲೆಗಳಲ್ಲಿ ಈ ಪ್ರಶ್ನೆಯನ್ನು ಎದುರಿಸಿದೆ. ಜಗತ್ತಿನಾದ್ಯಂತ ವೀಕ್ಷಕರು ಕಂಡ ಹಕ್ಕಿಗಳನ್ನು ನಮೂದಿಸುವ ಇ-ಬರ್ಡ್ ಎಂಬ ಕೋಶ 2017ರಿಂದ ‘ಸೂಕ್ಷ್ಮ’ವೆಂದು ಗುರುತಿಸಿದ ಹಕ್ಕಿಗಳ ಖಚಿತ ಸ್ಥಳವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ, 20 ಕಿಲೋಮೀಟರ್ ಉದ್ದಗಲದ ಚೌಕದಲ್ಲಿ ಎಲ್ಲೋ ಇದೆಯೆಂದಷ್ಟೇ ತಿಳಿಸುತ್ತದೆ. ದಾಖಲೆ ಉಳಿಯುತ್ತದೆ, ದಾರಿ ಸಿಗುವುದಿಲ್ಲ.

ಜಾನಪದ ಸಂಗ್ರಹದ ಶಿಸ್ತು ಇದಕ್ಕೆ ತದ್ವಿರುದ್ಧವಾದುದು. ಹೇಳಿದವರು ಯಾರು, ಊರು ಯಾವುದು, ದಿನ ಯಾವುದು ಎಂಬ ವಿವರಗಳಿಲ್ಲದ ಪಠ್ಯವನ್ನು ಯಾವ ಮಾರ್ಗದರ್ಶಕರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಆದರೆ ಕುರಿಗಾಹಿಯೊಬ್ಬ ಎರೆಭೂತದ ಕಥೆ ಹೇಳುತ್ತ ಅದು ಮೊಟ್ಟೆಯಿಡುವ ಹೊಲದ ಹೆಸರನ್ನೂ ಹೇಳಿದರೆ, ಬೇಟೆಯ ಹಾಡಿನ ನಡುವೆ ಪೊಟರೆಯಿರುವ ಮರದ ಗುರುತು ಬಂದರೆ, ರಣಹದ್ದು ಕೂರುವ ಬಂಡೆಯ ಸ್ಥಳನಾಮ ಐತಿಹ್ಯದೊಡನೆ ದಾಖಲಾದರೆ, ಅದನ್ನು ಹಾಗೆಯೇ ಅಚ್ಚುಹಾಕಬೇಕೆ? ಅಚ್ಚಾದ ಸಂಪುಟ ಗ್ರಂಥಾಲಯಕ್ಕೆ ಹೋಗುತ್ತದೆ. ಅಲ್ಲಿಂದ ಅಂಕೀಕರಣಗೊಂಡು ಯಾರ ಕೈಗೆ ಬೇಕಾದರೂ ತಲುಪುತ್ತದೆ. ಇಂಥ ಸಾಮಗ್ರಿಯಲ್ಲಿ ಪ್ರಕಟಿತ ಪಠ್ಯಕ್ಕೆ ತಾಲ್ಲೂಕಿನ ಹೆಸರನ್ನು ಮಾತ್ರ ಕೊಟ್ಟು, ಹೊಲ, ಮರ, ಬಂಡೆಗಳ ಗುರುತನ್ನು ಮೂಲ ಕ್ಷೇತ್ರಟಿಪ್ಪಣಿಯಲ್ಲಿ ಉಳಿಸಿ, ಆ ಟಿಪ್ಪಣಿಯನ್ನು ಕಾರಣ ಬರೆದುಕೊಟ್ಟ ಸಂಶೋಧಕರಿಗಷ್ಟೇ ತೆರೆಯುವ ಪದ್ಧತಿಯನ್ನು ಸಂಗ್ರಹಾಲಯಗಳೂ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳೂ ಅಳವಡಿಸಿಕೊಳ್ಳಬಹುದು. ಈಗಾಗಲೇ ಅಚ್ಚಾಗಿರುವ ಸಂಪುಟಗಳಲ್ಲಿ ಇಂಥ ಉಲ್ಲೇಖಗಳು ಎಷ್ಟಿವೆ, ಅವುಗಳಲ್ಲಿ ಎಷ್ಟು ಜಾಗಗಳಲ್ಲಿ ಹಕ್ಕಿಗಳು ಇನ್ನೂ ಉಳಿದಿವೆ ಎಂಬುದನ್ನು ಮರುಮುದ್ರಣಕ್ಕೆ ಮುನ್ನ ಪರಿಶೀಲಿಸುವ ಕೆಲಸವೂ ಬಾಕಿಯಿದೆ.